ನಾಲ್ಕು ಮೂಲೆಗೆ ನಾಲ್ಕು ಗಿಳಿ

ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವವರು ಮಂಡ್ಯದಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡೇ ನಾನು ನಲವತ್ತು ದಾಟಿದೆ. ಜಂಬ ಅಂದರೆ ಅನ್ನಿ, ನನಗೇನೂ ಬೇಜಾರಿಲ್ಲ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಮಲಗಿದ್ದು ನಾನು ಹೊಲಿದ ಬೊಂತೆಯ ಮೇಲೆ. ಪುಸ್ತಕಗಳಲ್ಲಿ ಇದನ್ನು ಕೌದಿ ಎಂದು ಬರೆಯುತ್ತಾರೆ, ನಮ್ಮ ಬೀದಿಯ ಬಾಯಲ್ಲಿ ಬೊಂತೆ. ಹಳೇ ಸೀರೆ, ಹಳೇ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಹಿಡಿದು ನಡುವಿನ ತನಕ ಸಾಲು ಸಾಲಾಗಿ ಕೈಹೊಲಿಗೆ ಹಾಕಿಕೊಂಡು ಹೋಗಬೇಕು. ಮಿಷನ್ನಿನಲ್ಲಿ ಹೊಲಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದರು. ಆಗುತ್ತದೆ, ಯಾಕಾಗುವುದಿಲ್ಲ? ಹಪ್ಪಳದ ಹಾಗೆ ಬಿರುಸಾಗಿ ಆಗುತ್ತದೆ. ಎಳೇ ಮಗುವಿನ ಬೆನ್ನಿಗೆ ಹಪ್ಪಳ ಹಾಸುವವರು ಹಾಸಿಕೊಳ್ಳಲಿ ಎಂದು ಕಳಿಸುತ್ತಿದ್ದೆ.

ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ನನ್ನ ಕೆಲಸಕ್ಕೆ ಸುಗ್ಗಿ. ಬೆಳಗ್ಗೆ ಹತ್ತರವರೆಗೆ ಜಗುಲಿಗೆ ಹಿತವಾದ ಬಿಸಿಲು ಬೀಳುತ್ತಿತ್ತು. ದೊಡ್ಡ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಕಿರುಗುಟ್ಟುತ್ತಾ ಹೋಗುತ್ತಿದ್ದವು, ಗಾಳಿ ಈ ಕಡೆ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಅಡಿಗೆ ಮನೆಯವರೆಗೂ ಬರುತ್ತಿತ್ತು. ನಮ್ಮ ಯಜಮಾನರು ಮಿಡ್ಲ್ ಸ್ಕೂಲ್ ಮೇಷ್ಟ್ರು. ಅವರನ್ನು ಊಟ ಹಾಕಿ ಕಳಿಸಿದ ಮೇಲೆ ಚಾಪೆ ಹಾಸಿ ಕೂತರೆ ಹನ್ನೆರಡರವರೆಗೆ ಏಳುತ್ತಿರಲಿಲ್ಲ. ಅವರೇಕಾಯಿ ಕಾಲ ಬೇರೆ. ಬೀದಿಯ ಹೆಂಗಸರು ಮೊರ ತುಂಬ ಕಾಯಿ ತಂದು ನನ್ನ ಜಗುಲಿಯಲ್ಲೇ ಸುಲಿಯುತ್ತಾ ಕೂರುತ್ತಿದ್ದರು. ನಾನು ಹೊಲಿಯುವುದು, ಅವರು ಸುಲಿಯುವುದು, ಎಲ್ಲರೂ ಸೇರಿ ಇಲ್ಲದವರ ಮಾತಾಡುವುದು. ಮಧ್ಯಾಹ್ನ ಒಂದು ತುತ್ತು ಉಂಡು ಹಿತಕಿದ ಬೇಳೆಯ ವಾಸನೆಯ ಕೈಯಲ್ಲೇ ಪುಸ್ತಕ ಹಿಡಿಯುತ್ತಿದ್ದೆ. ಯಜಮಾನರು ಲೈಬ್ರರಿಯಿಂದ ವಾರಕ್ಕೆರಡು ಕಾದಂಬರಿ ತಂದುಕೊಡುತ್ತಿದ್ದರು. ಓದಿದ ಕಡೆ ಗುರುತಿಗೆ ದಾರ ಪೋಣಿಸಿದ ಸೂಜಿಯನ್ನೇ ಇಟ್ಟು ಮುಚ್ಚುತ್ತಿದ್ದೆ. ಹಾಗೇ ವಾಪಸು ಹೋದ ಪುಸ್ತಕವೊಂದರಲ್ಲಿ ಲೈಬ್ರರಿಯವರಿಗೆ ಸೂಜಿ ಚುಚ್ಚಿ, ಅವರು ಯಜಮಾನರಿಗೆ ಮಂಗಳಾರತಿ ಎತ್ತಿದ್ದೂ ಉಂಟು.

ನನಗೆ ಇನ್ನೊಂದು ಜಂಬವಿತ್ತು. ಅದು ಕನ್ನಡದ ಜಂಬ. ನನ್ನ ತವರು ಮೈಸೂರು. ಮದುವೆಯಾದ ಮೇಲೆ ಯಜಮಾನರಿಗೆ ವರ್ಗವಾದ ಕಡೆಯೆಲ್ಲ ಸುತ್ತಿ ಮಂಡ್ಯಕ್ಕೆ ಬಂದಾಗ ಹಳ್ಳಿಯವರ ಮಾತಿನಲ್ಲಿ ಹಕಾರವೇ ಇಲ್ಲದಿರುವುದು ನೋಡಿ ತಬ್ಬಿಬ್ಬಾಗಿದ್ದೆ. ಹಾಲು ಆಲಾಗಿತ್ತು, ಹೂವು ಊವಾಗಿತ್ತು. ಬಂದ ಹೊಸದರಲ್ಲಿ ಸೊಪ್ಪಿನವಳು ‘ಅಮ್ಮೋ, ಇತ್ಲಲ್ಲಿ ಆವು ಬಂದದೆ’ ಎಂದು ಕೂಗಿದಾಗ, ಓದಿಕೊಂಡಿದ್ದ ಹಳಗನ್ನಡ ನೆನಪಾಗಿ, ಆವು ಅಂದರೆ ಹಸು ಎಂದುಕೊಂಡು, ಗಂಜಿ ಬಾನಿ ಹಿಡಿದು ಹಿತ್ತಲಿಗೆ ಹೋಗಿದ್ದೆ. ಹಾವು ಹೆಡೆ ಎತ್ತಿ ನಿಂತಿತ್ತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ: ಹಳ್ಳಿಯವರು ಅ ಎಂದರೆ ಹ ಎಂದು ಕೇಳಿಸಿಕೊಳ್ಳುವುದು. ಹದಿನೈದು ವರ್ಷ ಆ ನಿಯಮ ಒಂದು ಸಲವೂ ಕೈಕೊಟ್ಟಿರಲಿಲ್ಲ. ‘ಜಿಲ್ಲೆಯಲ್ಲಿ ಬಿದ್ದ ಹಕಾರಾನೆಲ್ಲ ಹೆಕ್ಕಿ ಜೋಡಿಸೋದೇ ನಿನ್ನ ಕೆಲಸ’ ಎಂದು ಯಜಮಾನರು ರೇಗಿಸುತ್ತಿದ್ದರು. ನಾನು ಬೀಗುತ್ತಿದ್ದೆ.

ಅಂಥ ಒಂದು ಕಾರ್ತಿಕದ ಬೆಳಗ್ಗೆ ಆಕೆ ಬಂದಳು. ಇಪ್ಪತ್ತೈದು ವಯಸ್ಸಿರಬಹುದು. ಏಳು ತಿಂಗಳ ಹೊಟ್ಟೆ, ಕಂಕುಳಲ್ಲಿ ಬಟ್ಟೆಯ ಗಂಟು. ಹಲಗೂರಿನವಳು, ಜಮೀನಿದ್ದ ಮನೆಯ ಸೊಸೆ. ಮಳವಳ್ಳಿ, ಮದ್ದೂರು ಎರಡು ಕಡೆ ಬಸ್ಸು ಬದಲಿಸಿ ಮಂಡ್ಯದ ದೊಡ್ಡಾಸ್ಪತ್ರೆಗೆ ತೋರಿಸಲು ಬಂದಿದ್ದಳು. ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಬೀದಿಯ ಬಾಣಂತಿಯೊಬ್ಬಳ ಕೈಯಲ್ಲಿ ನನ್ನ ಬೊಂತೆ ನೋಡಿ ವಿಳಾಸ ಕೇಳಿಕೊಂಡಿದ್ದಳು.

‘ಬೊಂತೆ ಒಲಿಯೋ ಅಮ್ಮಾವ್ರು ನೀವೇಯಾ?’ ಎಂದಳು.

‘ನಾನೇ. ಮೊದಲು ಕೂತ್ಕೊ ತಾಯಿ, ಈ ಸ್ಥಿತೀಲಿ ನಿಂತ್ಕೊಂಡು ಏನು ಮಾತು?’

ಕೂತಳು, ನೀರು ಕುಡಿದಳು, ಗಂಟನ್ನು ಚಾಪೆಯ ಮೇಲಿಟ್ಟಳು. ಆಮೇಲೆ ನನ್ನ ಮುಖವನ್ನೇ ನೆಟ್ಟಗೆ ನೋಡುತ್ತಾ ಹೇಳಿದಳು: ‘ಎರಡು ಉಳೀನಿಲ್ಲ ಕಣಮ್ಮ. ಮೊದುಲ್ನೇದು ಮೂರೇ ದಿನ. ಎರಡ್ನೇದು ಅದಿನೈದು ದಿನ ಇತ್ತು, ಕಣ್ಬುಟ್ಟು ನೋಡ್ತಿತ್ತು, ಓಯ್ತು. ಇದು ಉಳೀಬೇಕು. ಇದ ಮಲಗ್ಸಕ್ಕೆ ಬೊಂತೆ.’

ಅಳಲಿಲ್ಲ, ಮೂಗು ಒರೆಸಲಿಲ್ಲ. ಉಳೀಬೇಕು ಎಂದದ್ದು ಅಂಗಡಿಯಲ್ಲಿ ಸಾಮಾನು ಕೇಳಿದಷ್ಟು ಗಟ್ಟಿಯಾಗಿತ್ತು. ನಾನು ಗಂಟಿಗೆ ಕೈಹಾಕಿದೆ.

‘ಬುಡಿ, ಆಮೇಲೆ ನೋಡ್ಕಳಿ. ಬಸ್ಸಿಗೆ ಒತ್ತಾಯ್ತು. ಒಂದೇ ಮಾತು. ನಾಕು ಮೂಲೇಗೂ ಅಕ್ಕಿ ಆಕಿ ಒಲೀಬೇಕು.’

‘ಎಂಥ ಹಕ್ಕಿ?’ ಎಂದೆ.

‘ಗಂಟಲ್ಲೇ ಐತೆ. ಅದ್ನೇ ಆಕ್ಬೇಕು, ಬ್ಯಾರೆದು ಬ್ಯಾಡ. ಉದುರದಂಗೆ ಬಿಗಿಯಾಗಿ ಒಲೀರಿ. ಯಾಕೆ ಅಂತ ಮಾತ್ರ ಕೇಳ್ಬ್ಯಾಡಿ, ಒಲ್ದು ಮುಗಿಯೋತಂಕ ಯೋಳಂಗಿಲ್ಲ.’

‘ನನ್ನ ಹೊಲಿಗೆ ಉದುರಿದ್ದನ್ನ ನೋಡಿದವರು ಯಾರೂ ಇಲ್ಲ, ಧೈರ್ಯವಾಗಿ ಹೋಗು’ ಎಂದೆ. ಒಂಬತ್ತು ತುಂಬುವುದರೊಳಗೆ ಬಂದು ಒಯ್ಯುತ್ತೇನೆ ಎಂದು ಹೇಳಿ ಹೋದಳು.

ಗಂಟು ಬಿಚ್ಚಿದೆ. ಅಜ್ಜಿಯ ಕಾಲದ ಎರಡು ನೂಲಿನ ಸೀರೆ, ಒಗೆದೊಗೆದು ಬೆಣ್ಣೆಯಂತಾದ ಪಂಚೆ, ಒಂದು ಹಸಿರು ಸೀರೆ. ಆ ಹಸಿರು ಸೀರೆಯ ಅಂಚಿನುದ್ದಕ್ಕೂ ಗಿಳಿಗಳು! ಕೆಂಪು ಕೊಕ್ಕು, ಬಾಗಿದ ಕತ್ತು, ಒಂದರ ಹಿಂದೊಂದು. ಅಯ್ಯೋ ಜಾಣೆ, ಇದೇ ಹಕ್ಕಿ ಎಂದುಕೊಂಡೆ. ಕೆಳಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ಪಾವಿನಷ್ಟು ಅಕ್ಕಿಯೂ ಇತ್ತು. ಅದರಲ್ಲೇನು ವಿಶೇಷ? ನಮ್ಮ ಕಡೆ ಹಳ್ಳಿಯ ಜನ ಬರಿಗೈಯಲ್ಲಿ ಬರುವವರಲ್ಲ. ಒಬ್ಬರು ಬೆಲ್ಲದ ಅಚ್ಚು ತರುತ್ತಾರೆ, ಒಬ್ಬರು ಕಡಲೆಕಾಯಿ. ಪಾಪ, ಈಕೆ ಅಕ್ಕಿ ತಂದಿದ್ದಾಳೆ ಎಂದು ಒಳಗೆ ಇಟ್ಟೆ.

ಮಾರನೆಯ ದಿನ ಅದನ್ನೇ ಅನ್ನ ಮಾಡಿದೆ. ಅಕ್ಕಿಯೋ ಅದು! ದಪ್ಪ, ಸಣ್ಣ, ಕೆಂಪು, ಬಿಳುಪು, ಜೊತೆಗೆ ನುಚ್ಚು. ಒಂದು ಬೇಯುವಷ್ಟರಲ್ಲಿ ಇನ್ನೊಂದು ಗಂಜಿಯಾಗಿತ್ತು. ಯಜಮಾನರು ಅವರೇಕಾಳಿನ ಹುಳಿ ಕಲಸಿಕೊಂಡು ಅಗಿದು ಅಗಿದು, ‘ಇದೇನೇ, ಐದು ಮನೆ ಅಕ್ಕಿ ಬೆರೆಸಿದ ಹಾಗಿದೆ’ ಎಂದರು. ‘ಕೊಟ್ಟವರ ಅಕ್ಕಿಗೆ ಕೊಂಕು ಮಾತಾಡಬೇಡಿ’ ಎಂದು ನಾನೇ ಗದರಿದೆ. ಬೆಳಗ್ಗೆ ಉಳಿದ ಅನ್ನವನ್ನು ಸಂಜೆ ಚಿತ್ರಾನ್ನ ಮಾಡಿ ಅದನ್ನೂ ಮುಗಿಸಿದೆವು. ಒಂದು ಅಗುಳೂ ಮಿಗಲಿಲ್ಲ.

ಆಮೇಲಿನ ಐದು ವಾರ ನಾನು ಬೇರೆ ಬೊಂತೆ ಮುಟ್ಟಲಿಲ್ಲ. ಗಿಳಿಗಳನ್ನು ಒಂದೊಂದಾಗಿ ಸುತ್ತ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಸಿ, ಕಾಣದಂತೆ ಸಣ್ಣ ಹೊಲಿಗೆ ಹಾಕಿ ಮೂಲೆಗೆ ಒಂದರಂತೆ ಕೂರಿಸಿದೆ. ಕಣ್ಣಿಗೆ ಕಪ್ಪು ದಾರದಲ್ಲಿ ಒಂದೊಂದು ಗಂಟು. ಒಂದು ಗಿಳಿಯ ಬಾಲ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹೊಲಿದೆ. ಬೊಂತೆಯ ಸಾಲುಗಳನ್ನು ಎಷ್ಟು ಒತ್ತಾಗಿ ಹಾಕಿದೆನೆಂದರೆ ಬೆರಳ ತುದಿಯೆಲ್ಲ ಗಂಟುಗಟ್ಟಿ, ರಾಗಿಮುದ್ದೆ ಮುರಿಯುವಾಗ ಬಿಸಿ ತಾಗುತ್ತಿರಲಿಲ್ಲ. ಓದುತ್ತಿದ್ದ ಕಾದಂಬರಿಯಲ್ಲಿ ನಾಯಕಿ ಮನೆ ಬಿಟ್ಟು ಹೊರಟಿದ್ದಳು. ಎಲ್ಲಿಗೆ ಹೋದಳೆಂದು ನೋಡುವುದಕ್ಕೂ ಬಿಡುವಾಗಲಿಲ್ಲ, ಪುಸ್ತಕ ಹಾಗೇ ವಾಪಸು ಹೋಯಿತು. ಬೀದಿಯ ಹೆಂಗಸರು ಬಂದು ಬಂದು ಗಿಳಿಗಳನ್ನು ಸವರಿ ನೋಡಿ ಹೋದರು. ಮಾಡಿದವರು ನಾವಾಗಿದ್ದಾಗ ಹೊಗಳಿಕೆ ಎಷ್ಟಿದ್ದರೂ ಸಾಲದು ನೋಡಿ, ನಾನೇ ಕರೆದು ಕರೆದು ತೋರಿಸಿದೆ.

ಒಯ್ಯುವ ದಿನ ಬಂತು. ಬೆಳಗ್ಗೆ ಬರುತ್ತೇನೆಂದವಳು ಮದ್ದೂರಿನಲ್ಲಿ ಬಸ್ಸು ಕೆಟ್ಟು, ಆಸ್ಪತ್ರೆ ಮುಗಿಸಿ, ಎರಡು ಗಂಟೆಗೆ ಬಂದು ತಲುಪಿದಳು. ಕಾಲು ಊದಿಕೊಂಡಿತ್ತು. ಐದಕ್ಕೆ ವಾಪಸು ಬಸ್ಸು. ನಾನು ಬೊಂತೆಯನ್ನು ಜಗುಲಿಯ ಮೇಲೆ ಹರಡಿ ಪಕ್ಕಕ್ಕೆ ನಿಂತೆ. ಬಾಯಿ ಬಿಟ್ಟು ಹೊಗಳುತ್ತಾಳೆ, ನಾನು ‘ಅಯ್ಯೋ ಅದೇನು ಮಹಾ’ ಎನ್ನಬೇಕು ಎಂದು ಕಾಯುತ್ತಿದ್ದೆ.

‘ಸಂದಾಗೈತೆ ಕಣಮ್ಮ’ ಎಂದಳು. ಆಮೇಲೆ ಒಂದು ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಸುಕಿದಳು. ಇನ್ನೊಂದು ಮೂಲೆ. ಮತ್ತೊಂದು. ನಾಲ್ಕನೆಯದನ್ನು ಎರಡು ಸಲ ಹಿಸುಕಿದಳು. ‘ಅಕ್ಕಿ ಎಲ್ಲಮ್ಮ?’ ಎಂದಳು.

‘ಕಣ್ಣೆದುರಿಗೇ ಇದೆಯಲ್ಲೇ, ನಾಲ್ಕು ಮೂಲೆಗೂ ನಾಲ್ಕು!’

‘ಇವು ಗಿಣಿ. ನಾ ಯೋಳಿದ್ದು ಅಕ್ಕಿ. ಉಣ್ಣೋ ಅಕ್ಕಿ! ಬಿಳೀ ಬಟ್ಟೇಲಿ ಕಟ್ಟಿದ್ನಲ್ಲ?’

ನನ್ನ ನಿಯಮ ಅಲ್ಲಿಗೆ ಮಣ್ಣು ಮುಕ್ಕಿತು. ಇಡೀ ಭಾಷೆಯಲ್ಲಿ ಅ ಎಂದರೆ ಅ ಆಗಿಯೇ ಇರುವ ಮಾತುಗಳೂ ಇವೆ ಎಂಬುದು ಹದಿನೈದು ವರ್ಷದಲ್ಲಿ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಹಕ್ಕಿ ಎಂದದ್ದು ಆಕೆಯ ಕಿವಿಗೆ ಅಕ್ಕಿಯಾಗಿಯೇ ಬಿದ್ದಿತ್ತು, ಅವಳದೇನು ತಪ್ಪು?

‘ಆ ಅಕ್ಕಿ ಯಾತಕ್ಕೆ?’ ಎಂದೆ.

‘ಐದು ತೊಟ್ಲ ಮನೆ ಅಕ್ಕಿ ಅದು. ಮಕ್ಳು ಉಳೀದಿದ್ರೆ ನಮ್ ಕಡೆ ಇಂಗೆ ಮಾಡ್ತಾರೆ. ತೊಟ್ಲು ತೂಗ್ತಿರೋ ಐದು ಮನೇಲಿ ಸೆರಗೊಡ್ಡಿ ಒಂದೊಂದಿಡಿ ಬೇಡೋದು. ಅದ ಬೊಂತೆ ಮೂಲೇಗಾಕಿ, ಬೊಂತೆ ಒಲಿದೋರ ಕೈಯಲ್ಲೇ ಒಲಿಸೋದು. ಕೂಸಿಗೆ ಮೂರು ತಿಂಗ್ಳು ತುಂಬುದ್ಮೇಲೆ ಬಿಚ್ಚಿ ಅಕ್ಕಿಗಳಿಗೆ ಆಕ್ಬುಡೋದು. ನಮ್ಮವ್ವ ಕಾಲು ಉರೀತಿದ್ರೂ ಅಳ್ಳಿ ಅಳ್ಳಿ ಸುತ್ತಿ ಬೇಡಿ ತಂದಿದ್ಲು.’ ನನ್ನ ಮುಖ ನೋಡಿದಳು. ‘ಎಲ್ಲಮ್ಮ ಅದು?’

ಅಡಿಗೆ ಮನೆಯ ಡಬ್ಬದಲ್ಲಿ ಬೇಕಾದಷ್ಟು ಅಕ್ಕಿ ಇತ್ತು. ಒಳಗೆ ಹೋಗಿ ಒಂದು ಪಾವು ತಂದು, ಇಗೋ ಮರೆತಿದ್ದೆ, ಈಗಲೇ ಹಾಕಿಬಿಡುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಬಂತು. ಆದರೆ ಊದಿದ ಕಾಲು ಚಾಚಿಕೊಂಡು ಕೂತಿದ್ದ ಅವಳ ಎದುರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ.

‘ಬೇಯಿಸಿಕೊಂಡು ತಿಂದುಬಿಟ್ಟೆ’ ಎಂದೆ. ‘ನೀನು ನನಗೆ ಕೊಟ್ಟದ್ದು ಎಂದುಕೊಂಡೆ. ಒಂದು ಅಗುಳೂ ಇಲ್ಲ.’

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಖವಾಗಿತ್ತು. ಅವಳು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ‘ನಮ್ಮವ್ವಂಗೆ ಎಂಗೆ ಯೋಳ್ಲಿ?’ ಎಂದಳು. ಬೊಂತೆಯ ಮೂಲೆ ಮಡಚುತ್ತಾ, ‘ಇನ್ನು ನಾ ಮಂಡ್ಯಕ್ಕೆ ಬರಾಂಗಿಲ್ಲ. ಒಂದು ಕೆಲ್ಸ ಮಾಡಿ. ನಿಮ್ಮನೇದೇ ಒಂದಿಡಿ ಆಕ್ಬುಡಿ. ನಿಮ್ಮನೇಲೂ ತೊಟ್ಲು ಕಟ್ಟಿರ್ತೀರಲ್ಲ ಯಾವತ್ತಾರ’ ಎಂದಳು.

‘ಕಟ್ಟಿದ್ದೆವು’ ಎಂದೆ. ‘ನಮ್ಮ ಮನೆ ಅಕ್ಕಿ ಬೇಡ ಕಣೇ.’

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಯಜಮಾನರಿಗೆ ಬೇರೆ ಊರಿನಲ್ಲಿ ಕೆಲಸವಿದ್ದಾಗ ನನಗೊಂದು ಹೆಣ್ಣುಮಗು ಆಗಿತ್ತು. ಎಂಟು ತಿಂಗಳಿತ್ತು. ಎರಡೇ ದಿನದ ಜ್ವರಕ್ಕೆ ಹೋಯಿತು. ಆಮೇಲೆ ಮಕ್ಕಳಾಗಲಿಲ್ಲ. ಮಂಡ್ಯಕ್ಕೆ ಬಂದ ಮೇಲೆ ಯಾರಿಗೂ ಹೇಳಲಿಲ್ಲ, ನಾನೂ ಯಜಮಾನರೂ ಮನೆಯೊಳಗೂ ಆ ಮಾತು ಎತ್ತಲಿಲ್ಲ. ಬೀದಿಯ ಮಕ್ಕಳಿಗೆಲ್ಲ ಬೊಂತೆ ಹೊಲಿದುಕೊಡುತ್ತಿದ್ದ ನಾನು ಒಂದೇ ಒಂದು ತೊಟ್ಟಿಲ ಶಾಸ್ತ್ರಕ್ಕೂ ಹೋದವಳಲ್ಲ. ಮಂಡಿ ನೋವು ಎಂದು ಹೇಳಿ ಕಳಿಸುತ್ತಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ. ಇಷ್ಟನ್ನೂ ಆ ಜಗುಲಿಯ ಮೇಲೆ, ಎರಡೇ ಸಲ ನೋಡಿದ ಹೆಂಗಸಿಗೆ ಹೇಳಿಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಳ್ಳಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ‘ಎಂಟು ತಿಂಗ್ಳು ಅಂದ್ರೆ ನಗ್ತಿತ್ತು’ ಎಂದಳು. ಹೌದು, ನಗುತ್ತಿತ್ತು ಎಂದೆ.

ಗಡಿಯಾರ ನೋಡಿದೆ. ಎರಡೂ ಮುಕ್ಕಾಲು. ‘ನೀನು ಇಲ್ಲೇ ಮಲಗಿರು. ಬೇಡುವವರು ಇಂಥವರೇ ಆಗಬೇಕು ಅಂತ ಇದೆಯೇನು?’ ಎಂದು ಕೇಳಿದೆ.

‘ಎಂಗಸಾದ್ರೆ ಸಾಕು. ಸೆರಗೊಡ್ಡಿ ಬೇಡ್ಬೇಕು.’

‘ನನ್ನಂಥವಳಾದರೂ?’

‘ಎಂಗಸು ಅಂದ್ನಲ್ಲಮ್ಮ’ ಎಂದಳು, ಸಿಟ್ಟಿನಿಂದಲೇ.

ಹುಟ್ಟಿದಾರಭ್ಯ ನಾನು ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದವಳಲ್ಲ. ಅಂಥವಳು ಹಾಡಹಗಲು ಸೆರಗು ಹಿಡಿದುಕೊಂಡು ಗುತ್ತಲಿನ ಬೀದಿಗೆ ಇಳಿದೆ. ತೊಟ್ಟಿಲಿರುವ ಮನೆಗಳು ಯಾವುವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಎಲ್ಲದಕ್ಕೂ ಬೊಂತೆ ಕೊಟ್ಟವಳು ನಾನೇ. ಮೊದಲನೆಯದು ಗುಮಾಸ್ತರ ಮನೆ. ಆ ಮನೆಯಾಕೆಯ ಜೊತೆ ನಲ್ಲಿ ನೀರಿನ ವಿಷಯಕ್ಕೆ ಜಗಳವಾಗಿ ಎರಡು ತಿಂಗಳಿಂದ ಮುಖಾಮುಖಿ ಇರಲಿಲ್ಲ. ಬಾಗಿಲು ತೆಗೆದವಳು ನನ್ನ ಒಡ್ಡಿದ ಸೆರಗು ನೋಡಿ ಬೆಚ್ಚಿಬಿದ್ದಳು. ‘ಒಂದು ಹಿಡಿ ಅಕ್ಕಿ ಹಾಕು, ಆಮೇಲೆ ಬೇಕಾದರೆ ಜಗಳ ಮುಂದುವರಿಸೋಣ’ ಎಂದೆ. ಯಾಕೆ ಎಂದು ಕೇಳದೆ ತಂದು ಹಾಕಿದಳು. ಎರಡನೆಯ ಮನೆ, ಮೂರನೆಯ ಮನೆ ಸಲೀಸಾಗಿ ಆಯಿತು.

ನಾಲ್ಕನೆಯ ಮನೆಯಲ್ಲಿ ಮಗು ಕಿರುಚಿಕೊಳ್ಳುತ್ತಿತ್ತು. ಬಾಣಂತಿ ಬಚ್ಚಲಲ್ಲಿದ್ದಳು. ‘ಯಾರದು? ಒಂಚೂರು ತೂಗ್ತಿರಿ, ಬಂದೆ!’ ಎಂದು ಒಳಗಿನಿಂದಲೇ ಕೂಗಿದಳು. ನಡುಮನೆಯಲ್ಲಿ ತೊಟ್ಟಿಲು. ಒಂದು ಕೈಯಲ್ಲಿ ಮೂರು ಮನೆಯ ಅಕ್ಕಿಯ ಸೆರಗು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದೆ. ಒಳಗೆ ಬಗ್ಗಿ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ತೂಗಿದೆ. ಮಗು ಸುಮ್ಮನಾಯಿತು. ನನ್ನ ಕೈ ತೂಗುವುದನ್ನು ಮರೆತಿರಲಿಲ್ಲ. ಆ ಬಾಣಂತಿ ತಲೆಗೆ ಬಟ್ಟೆ ಸುತ್ತಿಕೊಂಡು ಬಂದಾಗ ನಾನು ಗಳಗಳನೆ ಅಳುತ್ತಾ ತೂಗುತ್ತಿದ್ದೆ. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಒಂದು ಹಿಡಿಗೆ ಬದಲು ಎರಡು ಹಿಡಿ ಹಾಕಿದಳು, ಒಂದನ್ನು ವಾಪಸು ಹಾಕಿಸಿದೆ. ಐದನೆಯದು ಬೀದಿಯ ಕೊನೆಯಲ್ಲಿ ಹಾಲಿನವನ ಮನೆ.

ವಾಪಸು ಬಂದಾಗ ಮೂರೂವರೆ. ನಾಲ್ಕು ಮೂಲೆಯ ಅಂಚನ್ನೂ ಬಿಚ್ಚಿ, ಗಿಳಿಗಳ ಹಿಂದೆ ಒಂದೊಂದು ಪುಟ್ಟ ಚೀಲದಂತೆ ಮಾಡಿ, ಅಕ್ಕಿ ಹಂಚಿ ಹಾಕಿ, ಎರಡೆರಡು ಸಲ ಹೊಲಿದೆ. ಅವಳು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ಆ ಅವಸರದಲ್ಲಿ ಹಾಕಿದ ಹೊಲಿಗೆ ಸೊಟ್ಟಗಿತ್ತು; ನೋಡಿದವರು ಹೊಸದಾಗಿ ಕಲಿತವರು ಹೊಲಿದಿದ್ದಾರೆ ಎನ್ನಬೇಕು. ‘ಗಿಣಿಗಳ ಕಿತ್ತಾಕ್ಲಾ?’ ಎಂದು ಅವಳ ಮಾತಲ್ಲೇ ಕೇಳಿದೆ. ಮೊದಲ ಸಲ ನಕ್ಕಳು. ‘ಇರ್ಲಿ ಬುಡಿ. ಅಕ್ಕಿ ಕಾಯ್ಕಂಡು ಅಕ್ಕಿ ಕೂತ್ಕಳ್ಲಿ’ ಎಂದಳು. ಐದರ ಬಸ್ಸಿಗೆ ಯಜಮಾನರೇ ಹೋಗಿ ಕೂರಿಸಿ ಬಂದರು.

ಅವಳು ಹೋದ ಮೇಲಿನ ದಿನಗಳನ್ನು ಹೇಗೆ ಹೇಳಲಿ? ಇಂಥ ಶಾಸ್ತ್ರಗಳಲ್ಲಿ ನನಗೆ ನಂಬಿಕೆಯಿಲ್ಲ ಎಂದು ಬೀದಿಗೆಲ್ಲ ಭಾಷಣ ಮಾಡುತ್ತಿದ್ದವಳು ನಾನು. ಆಗ ಮಾತ್ರ ಹೆದರಿದ್ದೆ. ಮೊದಲು ಬೇಡಿದ ಅಕ್ಕಿ ನನ್ನ ಹೊಟ್ಟೆಗೆ ಹೋಗಿತ್ತು. ಆ ಮಗುವಿಗೆ ಏನಾದರೂ ಆದರೆ ಯಾರು ಏನೇ ಸಮಾಧಾನ ಹೇಳಲಿ, ನಾನು ನನ್ನನ್ನೇ ಬಿಡುತ್ತಿರಲಿಲ್ಲ. ಕಾದಂಬರಿ ಹಿಡಿದರೆ ಅಕ್ಷರ ಓಡುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರು, ‘ನಮ್ಮ ಮಗು ಹೋದಾಗಲೂ ನೀನು ಹೀಗೇ ನಿನ್ನನ್ನೇ ಬೈದುಕೊಂಡಿದ್ದೆ’ ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಒಂದು ಕಾರ್ಡು ಬಂತು. ಮಳವಳ್ಳಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಹೆಣ್ಣು. ಮೂರು ದಿನ ಕಳೆಯಿತು ಎಂದಷ್ಟೇ ಬರೆಸಿದ್ದಳು. ಅದಾಗಿ ಹನ್ನೆರಡು ದಿನಕ್ಕೆ ಇನ್ನೊಂದು ಕಾರ್ಡು: ಹದಿನೈದು ದಿನ ಕಳೆಯಿತು, ಹಾಲು ಕುಡಿಯುತ್ತದೆ. ಅದನ್ನು ಓದಿ ನಾನು ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಗುಮಾಸ್ತರ ಮನೆಗೆ ಓಡಿದೆ. ಐದೂ ಮನೆಗೆ ಹೋಗಿ ಓದಿ ಹೇಳಿದೆ. ತಿಂಗಳು ತುಂಬಿದ ಮೇಲೆ ಅವಳ ಗಂಡನೇ ಬಂದು ತೊಟ್ಟಿಲು ಶಾಸ್ತ್ರಕ್ಕೆ ಕರೆದ. ಮಂಡಿ ನೋವು ಎನ್ನಲು ಆಗಲಿಲ್ಲ, ಆಕೆಗೆ ಸತ್ಯ ಗೊತ್ತಿತ್ತಲ್ಲ!

ಹಲಗೂರಿನ ಅವರ ಮನೆಯಲ್ಲಿ ಹತ್ತು ಜನ ಹೆಂಗಸರು ಸೇರಿದ್ದರು. ತೊಟ್ಟಿಲಲ್ಲಿ ನನ್ನ ಬೊಂತೆ. ನಾನು ಬಾಗಿಲ ಹತ್ತಿರವೇ ಕೂತೆ. ಮಕ್ಕಳು ಉಳಿಯದ ಮನೆಯಲ್ಲಿ ಮಾಡುವ ಹಾಗೆ ಅಜ್ಜಿ ದೃಷ್ಟಿ ತಾಗದಿರಲೆಂದು ಆಗಲೇ ಮಗುವನ್ನು ತಿಪ್ಪೆಯ ಹೆಸರಿಟ್ಟು ಕೂಗುತ್ತಿದ್ದಳು. ಬಾಣಂತಿ ನನ್ನನ್ನು ಹುಡುಕಿ, ‘ಅಲ್ಯಾಕಮ್ಮ ಕೂತಿದ್ದೀರಿ? ಬನ್ನಿ ಇಲ್ಲಿ. ಅದು ಮನೇಲ್ ಕೂಗಾಕೆ. ಇಸ್ಕೂಲಿಗೆ ಒಂದು ಎಸ್ರು ಬೇಕಲ್ಲ? ಬುಕ್ಕು ಓದೋರು ನೀವು, ಕಿವೀಲಿ ನೀವೇ ಯೋಳಿ’ ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ಹೋದೆ. ಓದಿದ ಪುಸ್ತಕಗಳ ನಾಯಕಿಯರ ಹೆಸರೆಲ್ಲ ಬಾಯಿಪಾಠ ಇದ್ದವಳು ನಾನು. ಅದರಲ್ಲಿ ಒಂದು ಹೇಳಿದರೆ ಆಯಿತು ಎಂದುಕೊಂಡೆ. ತೊಟ್ಟಿಲೊಳಗೆ ಬಗ್ಗಿದೆ. ಬಾಣಂತಿ ಎಣ್ಣೆಯ ವಾಸನೆ. ಮಗು ಮುಷ್ಟಿ ಬಿಗಿಹಿಡಿದು, ಹಣೆ ಸುಕ್ಕು ಮಾಡಿ ನಿದ್ದೆ ಮಾಡುತ್ತಿತ್ತು. ಕಿವಿಯ ಹತ್ತಿರ ಬಾಯಿ ತಂದಾಗ ಯಾವ ನಾಯಕಿಯ ಹೆಸರೂ ಬರಲಿಲ್ಲ. ನನ್ನ ಮಗಳ ಹೆಸರು ಬಂತು. ನಾನು ಹೇಳಿದ್ದಲ್ಲ, ಅದೇ ಬಂತು.

ಹೇಳಿದ ಮರುಗಳಿಗೆಯೇ ಬಾಣಂತಿಯ ತೋಳು ಹಿಡಿದು, ‘ತಪ್ಪಾಯ್ತು ಕಣೇ. ಅದು ಹೋದವಳ ಹೆಸರು. ನನ್ನ ಮಗಳದು. ಬೇಡ, ಬೇರೆ ಇಡು’ ಎಂದೆ.

ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ‘ಎಷ್ಟು ದಿನ ಕೂಗಿದ್ರಿ ಆ ಎಸ್ರ?’ ಎಂದು ಕೇಳಿದಳು.

‘ಎಂಟು ತಿಂಗಳು.’

‘ಆಮೇಲೆ?’

‘ಆಮೇಲೆ ಕೂಗಿಲ್ಲ.’

‘ಕೂಗೋದು ಇನ್ನೂ ಮಿಕ್ಕೈತೆ ಅನ್ನಿ. ಕಿವೀಲಿ ಪಿಸುಗುಟ್ಟುದ್ರೆ ನಮ್ಗೆ ಎಂಗೆ ಕೇಳ್ಬೇಕು? ಎಲ್ರಿಗೂ ಕೇಳಂಗೆ ಕೂಗಿ’ ಎಂದಳು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಅದು ಅವಳದು. ಆದರೆ ಅವತ್ತು ತೊಟ್ಟಿಲ ಹಗ್ಗ ಹಿಡಿದು, ಅಷ್ಟು ಜನರ ಮುಂದೆ, ಗಟ್ಟಿಯಾಗಿ ಕೂಗಿದೆ.